ಜಿದ್ದಿನ ಲ್ಯಾಪುಗಳು: ಬೀಳೋದು ಯಾರು, ಪಾಯಿಂಟ್ಸ್ ಯಾರಿಗೆ (ನನ್ನ ಅನುಭವ)

ನಾನು ಕ್ಲಬ್ ಲೆವೆಲ್‌ನಲ್ಲಿ ಬೈಕ್ ರೇಸ್ ಓಡಿಸೋನು. ಒಂದು ಪೂರ್ತಿ ಸೀಸನ್ ಒಬ್ಬನೇ ಎದುರಾಳಿ ಜೊತೆ ಜಿದ್ದಾಜಿದ್ದಿ ನಡೀತು, ಕೊನೆಗೆ ಪಾಯಿಂಟ್ಸ್‌ನಲ್ಲಿ ನಾನು ಅವನಿಗಿಂತ ಮೇಲೆ ಮುಗಿಸ್ದೆ. ಹೇಗೆ ಅಂತ ತುಂಬಾ ಜನ ಕೇಳಿದ್ರು, ಯಾಕಂದ್ರೆ ಒಂದೊಂದೇ ಲ್ಯಾಪ್ ತಗೊಂಡ್ರೆ ಅವನೇ ಫಾಸ್ಟು, ಅದ್ರಲ್ಲಿ ಅನುಮಾನವೇ ಇಲ್ಲ. ನಾನು ಕಂಡ್ಕೊಂಡಿದ್ದು ಇಷ್ಟು: ಜಿದ್ದು ಇಬ್ರನ್ನೂ ಫಾಸ್ಟ್ ಮಾಡತ್ತೆ, ಆದ್ರೆ ಎಲ್ಲಿ ಬ್ರೇಕ್ ಹಿಡೀಬೇಕು ಅನ್ನೋ ತೀರ್ಮಾನಾನ ನಮ್ಮ ಕೈಯಿಂದ ಕಿತ್ಕೊಂಡು ಮುಂದಿನವನ ಕೈಗೆ ಕೊಟ್ಬಿಡತ್ತೆ. ಬೀಳೋದು ಹೆಚ್ಚಾಗಿ ಅಲ್ಲೇ.

ಸ್ಟ್ರೈಟ್‌ನಲ್ಲಿ ಅವನ ಬೆನ್ನಿಗೇ ಅಂಟ್ಕೊಂಡು ಸ್ಲಿಪ್‌ಸ್ಟ್ರೀಮ್‌ನಲ್ಲಿ ಹೋದ್ರೆ ಗಾಳಿ ತಡೆ ಕಮ್ಮಿ, ಸ್ಪೀಡ್ ಜಾಸ್ತಿ ಸಿಗತ್ತೆ, ಸರಿ. ಆದ್ರೆ ಒಬ್ಬನೇ ಓಡಿಸುವಾಗ ಹಿಡಿಯೋ ಬೋರ್ಡ್ (ಕಾರ್ನರ್ ಎಷ್ಟು ದೂರ ಅಂತ ಟ್ರ್ಯಾಕ್ ಪಕ್ಕ ತೋರಿಸೋ ಫಲಕ) ಹತ್ರಾನೇ ಬ್ರೇಕ್ ಹಿಡಿದ್ರೂ ಬೈಕ್ ಅಷ್ಟು ಬೇಗ ನಿಧಾನ ಆಗಲ್ಲ, ಯಾಕಂದ್ರೆ ಸ್ಪೀಡೂ ಹೆಚ್ಚಿರತ್ತೆ, ನಾವು ಎದ್ದು ಕೂತಾಗ ಎದೆಗೆ ಬಡಿದು ನಮ್ಮನ್ನ ತಡೀಬೇಕಾದ ಗಾಳೀನೂ ಮುಂದಿನವನೇ ಸೀಳ್ಕೊಂಡು ಹೋಗ್ತಿರ್ತಾನೆ. ಜೊತೆಗೆ ಅವನ ಬೈಕಿನ ಬಿಸಿ ಗಾಳೀಲಿ ನಮ್ಮ ಫ್ರಂಟ್ ಟೈರ್ ತಣ್ಣಗಾಗಲ್ಲ, ಪ್ರೆಷರ್ ಏರತ್ತೆ, ಲ್ಯಾಪಿಂದ ಲ್ಯಾಪಿಗೆ ಗ್ರಿಪ್ ಕಮ್ಮಿ ಆಗ್ತಾ ಬರತ್ತೆ. ಬೈಕ್ ಬಾಗಿಸ್ತಾ ಬ್ರೇಕ್ ಬಿಡುವಾಗ ಹ್ಯಾಂಡಲ್ ಒಂದು ಕ್ಷಣ ಹಗುರ ಆದಂಗೆ ಅನ್ಸತ್ತಲ್ಲ, ಅದು ಟೈರ್ ಕೊಡೋ ನೋಟಿಸು. ಅದನ್ನ ಲೆಕ್ಕಕ್ಕೆ ಇಟ್ಕೊಳ್ದೆ ಮುಂದಿನ ಲ್ಯಾಪಲ್ಲಿ ಇನ್ನೂ ಲೇಟಾಗಿ ಹಿಡಿದ್ರೆ ಫ್ರಂಟ್ ಮಡಚ್ಕೊಂಡು ಲೋಸೈಡ್ (ಬಾಗಿದ ಕಡೆಗೇ ಜಾರಿ ಬೀಳೋದು) ಆಗೋದೇ.

ಅದಕ್ಕೆ ನಾನು ಮಾಡಿದ್ದು: ಬ್ರೇಕಿಂಗ್ ಬರೋಕೆ ಸ್ವಲ್ಪ ಮುಂಚೆನೇ ಅವನ ನೇರ ಹಿಂದಿಂದ ಅರ್ಧ ಬೈಕಷ್ಟು ಪಕ್ಕಕ್ಕೆ ಸರಿಯೋದು, ಫ್ರಂಟಿಗೆ ಗಾಳಿ ಸಿಗ್ಲಿ, ನನ್ನ ಬೋರ್ಡೂ ಕಣ್ಣಿಗೆ ಬೀಳ್ಲಿ ಅಂತ. ಅವನು ನನಗಿಂತ ಲೇಟಾಗಿ ಹಿಡೀತಾನಾ, ಹಿಡೀಲಿ. ಲೇಟಾಗಿ ಹಿಡಿದವನು ಏಪೆಕ್ಸ್ (ಕಾರ್ನರ್‌ನ ಒಳ ತುದಿ) ತಪ್ಪಿಸಿ ಅಗಲಕ್ಕೆ ಹೋಗ್ತಾನೆ, ನಾನು ಬೈಕ್ ಬೇಗ ನೆಟ್ಟಗೆ ಮಾಡಿ ಥ್ರಾಟಲ್ ಕೊಟ್ಟು ಎಕ್ಸಿಟ್‌ನಲ್ಲಿ ಪಾಸ್ ಮಾಡೋದು. ಇಲ್ಲೂ ಹಠಕ್ಕೆ ಬಿದ್ದು ಬೈಕ್ ಇನ್ನೂ ಬಾಗಿರುವಾಗ್ಲೇ ಥ್ರಾಟಲ್ ಕೊಟ್ರೆ ಹಿಂದಿನ ಟೈರ್ ಜಾರಿ, ತಟ್ಟಂತ ಮತ್ತೆ ಗ್ರಿಪ್ ಸಿಕ್ಕಿ, ರೈಡರ್‌ನ ಮೇಲಕ್ಕೆ ಎಸೀತದೆ, ಅದೇ ಹೈಸೈಡ್. ಕಾಲರ್ ಬೋನ್ ಮುರಿಯೋದೆಲ್ಲ ಅದ್ರಲ್ಲೇ ಜಾಸ್ತಿ.

2006ರ ಮೋಟೋಜಿಪಿ (ಬೈಕ್ ರೇಸಿನ ವಿಶ್ವ ಚಾಂಪಿಯನ್‌ಶಿಪ್) ಸೀಸನ್ ನೋಡಿದವ್ರಿಗೆ ನಾನು ಹೇಳೋದು ಬೇಗ ಅರ್ಥ ಆಗತ್ತೆ. ಕೊನೆಗೆ ಮುಂಚಿನ ರೇಸ್, ಪೋರ್ಚುಗಲ್‌ನ ಎಸ್ಟೊರಿಲ್‌ನಲ್ಲಿ ಡ್ಯಾನಿ ಪೆಡ್ರೋಸಾ ಒಳಗಿಂದ ನುಗ್ಗುವಾಗ ಬಿದ್ದು ಸ್ವಂತ ಟೀಮ್‌ಮೇಟ್ ನಿಕಿ ಹೇಡನ್‌ನೂ ಎಳ್ಕೊಂಡು ಹೋದ, ಪಾಯಿಂಟ್ಸ್‌ನಲ್ಲಿ ಮುಂದಿದ್ದ ಹೇಡನ್ ಹಿಂದಾದ, ವ್ಯಾಲೆಂಟಿನೋ ರೊಸ್ಸಿ 8 ಪಾಯಿಂಟ್ ಮುಂದೆ ಬಂದ. ಅದೇ ರೇಸಲ್ಲಿ ಟೋನಿ ಎಲಿಯಾಸ್ ರೊಸ್ಸಿನ 0.002 ಸೆಕೆಂಡಲ್ಲಿ ಸೋಲಿಸ್ದ, ಹಾಗಾಗಿ ರೊಸ್ಸಿಗೆ ಸಿಕ್ಕಿದ್ದು ಗೆದ್ದವನ 25 ಪಾಯಿಂಟ್ ಅಲ್ಲ, ಎರಡನೆಯವನ 20. ಕೊನೆ ರೇಸ್ ವೆಲೆನ್ಸಿಯಾದಲ್ಲಿ ಪೋಲ್‌ನಿಂದ (ಸ್ಟಾರ್ಟಿನ ಮೊದಲ ಜಾಗ) ಹೊರಟ ರೊಸ್ಸಿ ಬಿದ್ದ, ಎದ್ದು ಓಡಿಸಿ 13ನೇ ಜಾಗಕ್ಕೆ ಬಂದ, ಹೇಡನ್ 3ನೇ ಜಾಗದಲ್ಲಿ ಮುಗಿಸಿ ಚಾಂಪಿಯನ್. ಅಂತರ 5 ಪಾಯಿಂಟ್, ಎಸ್ಟೊರಿಲ್‌ನಲ್ಲಿ ರೊಸ್ಸಿ ಕಳ್ಕೊಂಡಷ್ಟೇ! 2015ರಲ್ಲೂ ಮಲೇಷ್ಯಾದ ಸೆಪಾಂಗ್‌ನಲ್ಲಿ ರೊಸ್ಸಿ, ಮಾರ್ಕ್ ಮಾರ್ಕೆಸ್ ಇಬ್ರೂ ಕಿತ್ತಾಡಿ ಮಾರ್ಕೆಸ್ ಬಿದ್ದ, ಪೆನಾಲ್ಟಿಯಿಂದ ರೊಸ್ಸಿ ಕೊನೆ ರೇಸನ್ನ ಗ್ರಿಡ್‌ನ ಕಟ್ಟಕಡೇಲಿ ನಿಂತು ಶುರು ಮಾಡ್ಬೇಕಾಯ್ತು, ಟೈಟಲ್ 5 ಪಾಯಿಂಟಲ್ಲಿ ರೊಸ್ಸಿ ಜೊತೆ ಪೈಪೋಟೀಲಿದ್ದ ಹೋರ್ಹೆ ಲೊರೆಂಜೊಗೆ ಹೋಯ್ತು. ಇಬ್ಬರ ಜಗಳ ಮೂರನೆಯವನಿಗೆ ಲಾಭ ಅಂತಾರಲ್ಲ, ರೇಸಲ್ಲಿ ಅದು ಲೆಕ್ಕದಲ್ಲೇ ಕಾಣತ್ತೆ.

ನಮ್ಮ ಸೀಸನ್‌ನಲ್ಲೂ ಆಗಿದ್ದು ಇದೇ. ಒಂದು ರೇಸಲ್ಲಿ ನನ್ನ ಎದುರಾಳಿ ಇನ್ನೊಬ್ಬನ ಜೊತೆ ಮೊದಲ ಜಾಗಕ್ಕೆ ಗುದ್ದಾಡ್ತಿದ್ದ, ನಾನು ಹಿಂದೆ ಮೂರನೇ ಜಾಗದಲ್ಲಿ. ಬ್ರೇಕಿಂಗಲ್ಲಿ ಅವನ ಹಿಂದಿನ ಚಕ್ರ ನೆಲ ಬಿಟ್ಟು ಅತ್ಲಾಗಿತ್ಲಾಗೆ ಆಡ್ತಿತ್ತು, ಪ್ರತಿ ಲ್ಯಾಪ್ ಕಾರ್ನರ್‌ಗೆ ಇನ್ನಷ್ಟು ಆಳಕ್ಕೆ ಹೋಗ್ತಿದ್ದ, ಎಕ್ಸಿಟ್‌ನಲ್ಲಿ ಕರ್ಬ್ (ಟ್ರ್ಯಾಕ್ ಅಂಚಿನ ಉಬ್ಬು ಪಟ್ಟಿ) ಮೇಲೆ ಹತ್ತಿಸ್ತಿದ್ದ. ಇದು ಬಹಳ ಹೊತ್ತು ನಡಿಯಲ್ಲ ಅಂತ ಖಾತ್ರಿ ಆಗಿ ನಾನು ಸ್ವಲ್ಪ ಗ್ಯಾಪ್ ಬಿಟ್ಟೆ, ಅವ್ರು ಹೋಗೋ ಲೈನ್ ಬಿಟ್ಟು ಬೇರೆ ಲೈನ್‌ನಲ್ಲಿ ಕಾರ್ನರ್ ತಗೊಂಡೆ. ಇನ್ನೊಬ್ಬ ಒಳಗೆ ತೂರಿದ, ಇವನು ಅಡ್ಡ ಬಂದು ಬಾಗಿಲು ಹಾಕೋಕ್ ಹೋದ, ಇಬ್ರೂ ತಾಗಿ ಗ್ರಾವೆಲ್‌ಗೆ ಜಾರಿದ್ರು, ನಾನು ಒಳಗಿಂದ ಆಚೆ ಬಂದೆ. ಇಬ್ರೂ ಎದ್ದು ನಿಂತಿದ್ದು ಕಣ್ಣಂಚಲ್ಲಿ ಕಂಡ್ಮೇಲೆ ಜೀವಕ್ಕೆ ಸಮಾಧಾನ ಆಯ್ತು, ಅದನ್ನ ನೋಡ್ದೆ ಮುಂದೆ ಓಡಿಸೋದು ನಂಗೆ ಯಾವತ್ತೂ ಆಗಲ್ಲ.

ಕಷ್ಟ ಅದಾದ್ಮೇಲೆ. ಮುಂದೆ ಯಾರೂ ಇಲ್ಲ ಅಂದ್ರೆ ಕೈ ತಾನಾಗೇ ಸಡಿಲ ಆಗತ್ತೆ, ಟೈರ್ ತಣ್ಣಗಾಗತ್ತೆ, ಆಗ್ಲೂ ಫ್ರಂಟ್ ಜಾರ್ಬಹುದು. ಪಿಟ್ ಬೋರ್ಡಲ್ಲಿ (ಟೀಮ್‌ನವ್ರು ಟ್ರ್ಯಾಕ್ ಪಕ್ಕ ಹಿಡಿಯೋ ಹಲಗೆ) ನಂಗೆ ಹಿಂದಿನವನ ಗ್ಯಾಪ್ ಮಾತ್ರ ತೋರಿಸಿ ಅಂತ ಹೇಳಿದ್ದೆ, ಅದೇ ಬ್ರೇಕಿಂಗ್ ಬೋರ್ಡ್, ಅದೇ ಬ್ರೇಕ್ ಅಂತ ಕೊನೆವರೆಗೂ ಎಳೆದೆ. ರೆಡ್ ಫ್ಲ್ಯಾಗ್ (ರೇಸ್ ನಿಲ್ಲಿಸೋ ಕೆಂಪು ಬಾವುಟ) ಬಂದು ಮತ್ತೆ ಸ್ಟಾರ್ಟ್ ಮಾಡ್ಸಿದ್ರೆ ಆ ಗ್ಯಾಪೆಲ್ಲ ಸೊನ್ನೆ, ಅದು ನಮ್ಮ ಕೈಯಲ್ಲಿಲ್ಲ.

ನನ್ನ ಎದುರಾಳಿ ಅವತ್ತು ಬೈಕ್ ಎತ್ಕೊಂಡು ಬಾಗಿದ ಬ್ರೇಕ್ ಲಿವರ್‌ನಲ್ಲೇ ರೇಸ್ ಮುಗಿಸಿ ಪಾಯಿಂಟ್ಸ್ ತಗೊಂಡ, ಅದ್ರಿಂದ್ಲೇ ಕೊನೆ ರೇಸ್‌ವರೆಗೂ ನಂಗೆ ಉಸಿರಾಡೋಕೆ ಬಿಡ್ಲಿಲ್ಲ, ಭೇಷ್ ಅನ್ಬೇಕು. ನೀವೂ ಬಿದ್ರೆ ಮೊದ್ಲು ಮೈ ಕೈ ಸರಿ ಇದ್ಯಾ ನೋಡ್ಕೊಳಿ, ಮಾರ್ಷಲ್ (ಟ್ರ್ಯಾಕ್ ಪಕ್ಕ ನಿಂತಿರೋ ರೇಸ್ ಸಿಬ್ಬಂದಿ) ಹೊರಗೆ ಬಾ ಅಂದ್ರೆ ಬಂದ್ಬಿಡಿ. ಓಡಿಸ್ಬಹುದು ಅನ್ಸಿದ್ರೆ ಫ್ರಂಟ್ ಬ್ರೇಕ್ ಒತ್ತಿ ನೋಡಿ, ಥ್ರಾಟಲ್ ತಿರುಗಿಸಿ ಬಿಟ್ರೆ ವಾಪಸ್ ಬರತ್ತಾ ನೋಡಿ, ಫುಟ್‌ಪೆಗ್ ಇದ್ಯಾ ನೋಡಿ. ಆಯಿಲ್ ಸೋರ್ತಿದ್ರೆ ಮಾತ್ರ ಎಷ್ಟೇ ಪಾಯಿಂಟ್ ಇರ್ಲಿ ಟ್ರ್ಯಾಕಿಗೆ ವಾಪಸ್ ತರ್ಬೇಡಿ, ಹಿಂದೆ ಬರೋರೆಲ್ಲ ಅದ್ರ ಮೇಲೇ ಬಾಗಿಸ್ಬೇಕು.