ಅಮ್ಮನಿಗೆ ಯಾವ ಹೊತ್ತಿಗೆ ಜನ ಬೇಕು? ನಾವು ಲೆಕ್ಕ ಹಾಕಿದ್ದು ಹೀಗೆ

ಎರಡು ವರ್ಷದ ಹಿಂದೆ ಜುಲೈ ಮಳೆಯಲ್ಲಿ ಅಮ್ಮ ಅಂಗಳದಲ್ಲಿ ಜಾರಿ ಬಿದ್ದರು. ತುಳಸಿಕಟ್ಟೆಯ ಬುಡದಲ್ಲಿ ಪಾಚಿ ಕಟ್ಟಿತ್ತು. ತೊಡೆಯ ಮೂಳೆ ಮುರಿಯಿತು. ಆಪರೇಷನ್ ಆಗಿ ಹನ್ನೊಂದನೇ ದಿನ ಡಿಸ್ಚಾರ್ಜ್ ಮಾಡಿದರು. ಆಗ ಅಮ್ಮನಿಗೆ 78 ವರ್ಷ.

ಅಣ್ಣ ದುಬೈಯಲ್ಲಿ, ತಮ್ಮ ಬೆಂಗಳೂರಿನಲ್ಲಿ. ನಾನು ಉಡುಪಿಯಲ್ಲಿ ಟೀಚರ್. ಅಮ್ಮ ಮಂಗಳೂರಿನ ಕುಲಶೇಖರದ ಮನೆಯಲ್ಲಿ ಒಬ್ಬರೇ. ನಮ್ಮ ಕಡೆ ಇಂಥ ಮನೆಗಳು ಎಷ್ಟಿವೆ ಅಂತ ನಿಮಗೇ ಗೊತ್ತು.

ಗಾಬರಿಯಲ್ಲಿ ಏಜೆನ್ಸಿಗೆ ಫೋನ್ ಮಾಡಿ ಇಪ್ಪತ್ನಾಲ್ಕು ಗಂಟೆಯ ಹೋಮ್ ನರ್ಸ್ ಕೇಳಿದೆವು. ತಿಂಗಳಿಗೆ 24,000 ರೂಪಾಯಿ, ಮೇಲೆ ಮುಂಗಡ. ಬಂದ ಹುಡುಗಿ ಒಳ್ಳೆಯವಳೇ. ಆದರೆ ಹಗಲಿಡೀ ದುಡಿದು ರಾತ್ರಿ ಮೂರು ಸಲ ಏಳುವುದು ಯಾರಿಂದ ಆಗುತ್ತದೆ? ಹದಿನೆಂಟನೇ ದಿನ ಊರಿಗೆ ಹೋದವಳು ಮತ್ತೆ ಬರಲಿಲ್ಲ. ಬೇರೆಯವರನ್ನು ಕಳಿಸುತ್ತೇವೆ ಅಂದ ಏಜೆನ್ಸಿಯವರು ಕಳಿಸಲಿಲ್ಲ, ಮುಂಗಡವೂ ವಾಪಸ್ ಬರಲಿಲ್ಲ. ನಾವು ಏನನ್ನೂ ಬರೆಸಿಕೊಂಡಿರಲಿಲ್ಲ. ದಯವಿಟ್ಟು ನೀವು ಬರೆಸಿಕೊಳ್ಳಿ. ಬದಲಿ ಜನ ಎಷ್ಟು ದಿನದೊಳಗೆ ಬರಬೇಕು, ಬಾರದಿದ್ದರೆ ಹಣ ಯಾವಾಗ ವಾಪಸ್, ರಜೆ ಯಾವತ್ತು, ಇಷ್ಟಾದರೂ ಕಾಗದದಲ್ಲಿ ಇರಲಿ.

ನಾನು ರಜೆ ಹಾಕಿ ಅಮ್ಮನ ಜತೆ ಕೂತೆ. ಫಿಸಿಯೋಥೆರಪಿಗೆ ಬರುತ್ತಿದ್ದವರು ಒಂದು ದಿನ ಕೇಳಿದರು: "ಟೀಚರೇ, ಅಮ್ಮನಿಗೆ ಅದಾಗುವುದಿಲ್ಲ, ಇದಾಗುವುದಿಲ್ಲ ಅಂತೀರಿ. ಯಾವ ಹೊತ್ತಿಗೆ ಆಗುವುದಿಲ್ಲ ಅಂತ ನೋಡಿದ್ದೀರಾ?"

ನೋಡಿರಲಿಲ್ಲ. ಅವತ್ತೇ ಒಂದು ನೂರು ಪುಟದ ನೋಟ್‌ಬುಕ್ ತಂದು ಗಂಟೆಗೊಂದು ಗೆರೆ ಹಾಕಿದೆ. ಅಮ್ಮ ತಾವೇ ಮಾಡಿಕೊಂಡದ್ದಕ್ಕೆ ಸರಿ ಗುರುತು. ಕೈ ಹಿಡಿಯಬೇಕಾದರೆ ಚುಕ್ಕಿ. ಪೂರ್ತಿ ನಾನೇ ಮಾಡಬೇಕಾದರೆ ಗುಣಿಸುವ ಗುರುತು. ಏಳು ದಿನ, ಹಗಲೂ ರಾತ್ರಿಯೂ ಬರೆದೆ.

ವಾರದ ಕೊನೆಗೆ ಪುಟ ತಿರುಗಿಸಿದಾಗ ಕಣ್ಣಿಗೆ ಹೊಡೆದಂತೆ ಕಂಡಿತು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರ ತನಕ ಹೆಚ್ಚುಕಡಿಮೆ ಎಲ್ಲ ಸರಿ ಗುರುತುಗಳೇ. ವಾಕರ್ ಹಿಡಿದು ಅಡುಗೆಮನೆಗೆ ಬರುತ್ತಿದ್ದರು. ಕುಚ್ಚಲಕ್ಕಿ ಗಂಜಿ, ಚಟ್ನಿ ತಾವೇ ಬಡಿಸಿಕೊಳ್ಳುತ್ತಿದ್ದರು. ಸ್ನಾನಕ್ಕೆ ಮಾತ್ರ ಜನ ಬೇಕು. ಗುಣಿಸುವ ಗುರುತೆಲ್ಲ ರಾತ್ರಿ ಹನ್ನೊಂದಕ್ಕೆ, ಎರಡಕ್ಕೆ, ನಾಲ್ಕೂವರೆಗೆ. ಮಂಚದಿಂದ ಬಚ್ಚಲಿಗೆ ಹದಿನಾಲ್ಕು ಹೆಜ್ಜೆ, ನಡುವೆ ಒಂದು ಹೊಸ್ತಿಲು. ಅಮ್ಮನಿಗೆ ಎಚ್ಚರವಿರುವ ಜನ ಬೇಕಿದ್ದದ್ದು ರಾತ್ರಿ. ನಾವು ಹಗಲಿಡೀ ದುಡಿಸಿದ ಹುಡುಗಿಯನ್ನೇ ರಾತ್ರಿಯೂ ಎಬ್ಬಿಸುತ್ತಿದ್ದೆವು.

ಮೊದಲು ಮಂಚದ ಪಕ್ಕಕ್ಕೆ ಕಮೋಡ್ ಕುರ್ಚಿ ಬಾಡಿಗೆಗೆ ತಂದೆವು. ಅದೊಂದರಿಂದಲೇ ಅರ್ಧ ಭಯ ಹೋಯಿತು.

ವೃದ್ಧಾಶ್ರಮ ಬೇಡವೇ ಬೇಡ ಅಂತ ನಾವು ಹಟ ಹಿಡಿಯಲಿಲ್ಲ. ಎರಡು ಕಡೆ ಹೋಗಿ ನೋಡಿದೆ. ಒಂದಕ್ಕೆ ಹೇಳಿ ಹೋದೆ, ಇನ್ನೊಂದಕ್ಕೆ ಹೇಳದೆ ಭಾನುವಾರ ಸಂಜೆ ಊಟದ ಹೊತ್ತಿಗೆ ಹೋದೆ. ಹೇಳದೆ ಹೋದಲ್ಲೇ ಹೆಚ್ಚು ತಿಳಿಯಿತು. ಕೈ ನಡುಗುವವರಿಗೆ ಉಣ್ಣಿಸಲು ಯಾರಾದರೂ ಇದ್ದಾರಾ, ರಾತ್ರಿ ಎಷ್ಟು ಜನಕ್ಕೆ ಎಷ್ಟು ಮಂದಿ ಎಚ್ಚರ ಇರುತ್ತಾರೆ, ಕೊಟ್ಟ ಮಾತ್ರೆ ಬರೆದಿಡುತ್ತಾರಾ ಅಂತ ನೋಡಿದೆ, ಕೇಳಿದೆ. ಕೊನೆಗೆ ಕೇಳಿದ್ದು, "ಇಲ್ಲಿಗೆ ಬಂದ ಮೇಲೆ ಅಮ್ಮ ಹಾಸಿಗೆ ಹಿಡಿದರೆ ಇಟ್ಟುಕೊಳ್ಳುತ್ತೀರಾ?" ಒಂದು ಕಡೆ "ಆಗ ನೀವು ಕರೆದುಕೊಂಡು ಹೋಗಬೇಕಾಗುತ್ತದೆ" ಅಂದರು. ನೇರವಾಗಿ ಹೇಳಿದ್ದು ಒಳ್ಳೆಯದೇ ಆಯಿತು. ಇನ್ನೊಂದು ಕಡೆ ಇಟ್ಟುಕೊಳ್ಳುತ್ತಾರೆ. ಆ ಹೆಸರನ್ನು ನೋಟ್‌ಬುಕ್ಕಿನ ಹಿಂಬದಿಯಲ್ಲಿ ಬರೆದಿಟ್ಟೆ.

ಆಮೇಲೆ ಮೂವರೂ ವಿಡಿಯೋ ಕಾಲ್‌ನಲ್ಲಿ ಕೂತು ಮಾತಾಡಿದೆವು. ಅಮ್ಮ ಎದುರಿಗೇ ಇದ್ದರು. ಅಣ್ಣನಿಗೆ ಅದು ಇಷ್ಟವಿರಲಿಲ್ಲ. "ಅವರ ಮುಂದೆ ದುಡ್ಡಿನ ಮಾತು ಯಾಕೆ?" ಅಂದ. ಅಮ್ಮನೇ ಹೇಳಿದರು, "ನನ್ನದೇ ದುಡ್ಡಲ್ವಾ ಮಗಾ, ನಾನು ಕೇಳಬಾರದಾ?"

ಅಪ್ಪ ಬಿಟ್ಟುಹೋದ ಹಣ ಮೂರು ಬ್ಯಾಂಕುಗಳಲ್ಲಿ ಚೂರುಚೂರಾಗಿತ್ತು. ಅದರಲ್ಲಿ 15 ಲಕ್ಷವನ್ನು ಅಮ್ಮನ ಹೆಸರಲ್ಲಿ ಪೋಸ್ಟ್ ಆಫೀಸಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಗೆ ಹಾಕಿದೆವು. ನಾವು ಇಟ್ಟಾಗ ಬಡ್ಡಿ ಶೇಕಡ 8.2. ಇಟ್ಟ ದಿನದ ದರ ಐದು ವರ್ಷ ಬದಲಾಗುವುದಿಲ್ಲ. ಮೂರು ತಿಂಗಳಿಗೊಮ್ಮೆ 30,750 ಬರುತ್ತದೆ, ಅಂದರೆ ತಿಂಗಳಿಗೆ 10,250. ಅಪ್ಪನ ಫ್ಯಾಮಿಲಿ ಪೆನ್ಷನ್ 14,000 ಸೇರಿದರೆ 24,250.

ಖರ್ಚು ನೋಡಿ. ರಾತ್ರಿ ಎಂಟರಿಂದ ಬೆಳಿಗ್ಗೆ ಆರರ ತನಕ ಪಕ್ಕದ ಬೀದಿಯ ಅಕ್ಕ ಒಬ್ಬರು ಬರುತ್ತಾರೆ, 15,000. ಬೆಳಿಗ್ಗೆ ಸ್ನಾನ, ಅಡುಗೆ, ನೆಲ ಒರೆಸಲು ಹಳೆಯ ಕೆಲಸದವರೇ, 7,000. ಮದ್ದು, ಡೈಪರ್, ಕಮೋಡ್ ಕುರ್ಚಿಯ ಬಾಡಿಗೆ 4,000. ಫಿಸಿಯೋಥೆರಪಿ 4,000. ಒಟ್ಟು 30,000. ಕಡಿಮೆ ಬೀಳುವುದು 5,750. ತಲೆಗೆ 2,000 ಹಾಕುತ್ತೇವೆ. "ನೀನು ಹೋಗಿ ನೋಡಿಕೊಳ್ಳುತ್ತೀಯಲ್ಲ, ನೀನು ಕೊಡಬೇಡ" ಅಂತ ತಮ್ಮ ಅಂದ. ನಾನು ಒಪ್ಪಲಿಲ್ಲ. ಬದಲಿಗೆ ಪ್ರತಿ ತಿಂಗಳು ಅವರಿಬ್ಬರಲ್ಲಿ ಒಬ್ಬರು ಎರಡು ದಿನ ಬರಬೇಕು ಅಂದೆ. ತಮ್ಮ ಬರುತ್ತಾನೆ. ಅಣ್ಣ ವರ್ಷಕ್ಕೊಮ್ಮೆ ಒಂದು ತಿಂಗಳು ಪೂರ್ತಿ ಇರುತ್ತಾನೆ. ದಿನಾ ಬೇಡುವ ಆರೈಕೆಯಲ್ಲಿ ದುಡ್ಡಿಗಿಂತ ದೊಡ್ಡ ಕೊರತೆ ಬಿಡುವಿನದು.

ವಿಮೆ ಇದ್ದರೆ ಸುಲಭವಾಗುತ್ತಿತ್ತು ಅಂತ ತುಂಬ ಜನ ಹೇಳಿದರು. ಆರೋಗ್ಯ ವಿಮೆ ಆಸ್ಪತ್ರೆಗೆ ಸೇರಿದಾಗಿನ ಖರ್ಚಿಗೆ. ರಾತ್ರಿ ಎಬ್ಬಿಸಿ ಕೂರಿಸುವವರ ಸಂಬಳಕ್ಕೆ ಅದರಿಂದ ದುಡ್ಡು ಬರುವುದಿಲ್ಲ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆಯುಷ್ಮಾನ್ ಭಾರತ್ ಯೋಜನೆಯನ್ನು 70 ವರ್ಷ ತುಂಬಿದ ಎಲ್ಲರಿಗೂ ವಿಸ್ತರಿಸಿತು. ಅದೂ ಆಸ್ಪತ್ರೆಯ ಚಿಕಿತ್ಸೆಗೇ. ಹಾಗಾಗಿ ಎರಡು ಲೆಕ್ಕ ಬೇರೆ ಬೇರೆ ಇಡಬೇಕು. ದಿನದ ಆರೈಕೆಗೆ ಒಂದು, ಆಸ್ಪತ್ರೆಗೆ ಒಂದು. ಆಸ್ಪತ್ರೆಗೆ ಅಂತ ಮೂವರೂ ತಲಾ 50,000 ಹಾಕಿ ಮುಟ್ಟದೆ ಇಟ್ಟಿದ್ದೇವೆ.

ಇನ್ನೊಂದು ಮಾತು ಹೇಳಲೇಬೇಕು. ಅಮ್ಮ ಮನೆಯನ್ನು ಮಕ್ಕಳ ಹೆಸರಿಗೆ ದಾನಪತ್ರ ಮಾಡಿಬಿಡುತ್ತೇನೆ ಅಂದಿದ್ದರು. ವಕೀಲರು ತಡೆದರು. 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ, ನೋಡಿಕೊಳ್ಳಬೇಕು ಎಂಬ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ವಾಪಸ್ ಕೇಳಬಹುದು. ಆ ಷರತ್ತನ್ನು ಪತ್ರದಲ್ಲೇ ಬರೆಸುವುದು ಸುರಕ್ಷಿತ ಅಂದರು. ಸದ್ಯಕ್ಕೆ ಮನೆ ಅಮ್ಮನ ಹೆಸರಲ್ಲೇ ಇರಲಿ ಅಂತ ನಾನೇ ಹೇಳಿದೆ.

ಈ ಜೂನ್‌ನಲ್ಲಿ ಮತ್ತೆ ಏಳು ದಿನ ಬರೆದೆವು, ಈ ಸಲ ರಾತ್ರಿಯ ಪುಟ ಅಕ್ಕನೇ ಬರೆದರು. ಬೆಳಿಗ್ಗೆ ಆರರಿಂದ ಏಳರ ಗೆರೆಯಲ್ಲಿ ಹೊಸದಾಗಿ ಚುಕ್ಕಿಗಳು ಬಂದಿವೆ. ಏಳರ ತನಕ ಇರಲು ಅವರು ಒಪ್ಪಿದ್ದಾರೆ. ತಿಂಗಳಿಗೆ 1,500 ಜಾಸ್ತಿ, ತಲೆಗೆ 500.