ಅಂಗಳದ ಬೆಕ್ಕು ಮನೆಯೊಳಗೆ ಬಂದ ಮೇಲೆ

ನಮ್ಮ ಉಡುಪಿ ಕಡೆ ಬೆಕ್ಕನ್ನು ಯಾರೂ ಸಾಕುತ್ತಿರಲಿಲ್ಲ, ಅದು ಇರುತ್ತಿತ್ತು ಅಷ್ಟೆ. ಅಟ್ಟದಲ್ಲಿ ಮರಿ ಹಾಕುತ್ತಿತ್ತು, ಊಟದ ಹೊತ್ತಿಗೆ ಹಿಂಬಾಗಿಲಿಗೆ ಬರುತ್ತಿತ್ತು, ಒಂದು ದಿನ ಕಾಣೆಯಾಗುತ್ತಿತ್ತು. ಅದರ ಜಾಗಕ್ಕೆ ಇನ್ನೊಂದು ಬರುತ್ತಿತ್ತು. ಹಾಗಾಗಿಯೇ "ನಾಯಿಗಾದರೆ ಕೆಲಸ ಜಾಸ್ತಿ, ಬೆಕ್ಕಿಗೇನು" ಎನ್ನುವ ಮಾತು ಈಗಲೂ ಕೇಳಿಸುತ್ತದೆ. ಆ ಮಾತು ಅಂಗಳದ ಬೆಕ್ಕಿಗೆ ಸರಿ. ರಾತ್ರಿ ಬಾಗಿಲು ಹಾಕಿದ ಮೇಲೂ ನಮ್ಮ ಜೊತೆ ಒಳಗೇ ಇರುವ ಬೆಕ್ಕಿನ ಲೆಕ್ಕ ಬೇರೆ. ಕೆಲವು ವರ್ಷಗಳಿಂದ ಎರಡು ಬೆಕ್ಕುಗಳ ಜೊತೆ ಹಾಗೆ ಬದುಕುತ್ತಿದ್ದೇನೆ. ಕೇಳುವವರು ಜಾಸ್ತಿಯಾಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಒಂದು ಚಿಂಟಿ, ಮೂರು ಬಣ್ಣದ ಹೆಣ್ಣು. (ಮೂರು ಬಣ್ಣದ ಬೆಕ್ಕು ಹೆಚ್ಚುಕಡಿಮೆ ಯಾವಾಗಲೂ ಹೆಣ್ಣೇ. ಕೇಸರಿ ಬಣ್ಣದ ಜೀನ್ ಎಕ್ಸ್ ಕ್ರೋಮೋಸೋಮಿನ ಮೇಲಿದೆ, ಕೇಸರಿ ಮತ್ತು ಕಪ್ಪು ಎರಡೂ ಬರಬೇಕಾದರೆ ಎರಡು ಎಕ್ಸ್ ಬೇಕು.) ಇನ್ನೊಂದು ಬೊಳ್ಳು, ಬಿಳಿ ಗಂಡು. ಎರಡೂ ಇಲ್ಲಿಯದೇ ಊರ ಬೆಕ್ಕುಗಳು. ಪರ್ಷಿಯನ್ ತರೋಣ ಅಂತ ಮಗಳು ಹಟ ಮಾಡಿದ್ದಳು. ಏಪ್ರಿಲ್ ತಿಂಗಳ ಉಡುಪಿಯ ಸೆಕೆಯಲ್ಲಿ ನಮಗೇ ಅಂಗಿ ಬೇಡ ಅನಿಸುತ್ತದೆ, ಅಷ್ಟು ರೋಮ ಹೊತ್ತ ಪ್ರಾಣಿಯನ್ನು ತಂದು ಏನು ಮಾಡುವುದು?

ಮೊದಲ ಕಷ್ಟ ಊಟದ್ದು. ನಮ್ಮದು ಸಸ್ಯಾಹಾರಿ ಮನೆ. ಹಾಲನ್ನ, ಮೊಸರನ್ನ ಹಾಕಿದರೆ ಸಾಕು ಎಂದು ಅತ್ತೆಯ ವಾದ. ಹಿಂದಿನ ಬೆಕ್ಕುಗಳು ಅದನ್ನೇ ತಿಂದು ಬದುಕಿದ್ದವಂತೆ. ಅವು ಬದುಕಿದ್ದು ಹಿತ್ತಲಿನ ಇಲಿ, ಓತಿ ಮತ್ತು ಪಕ್ಕದ ಮನೆಯ ಮೀನಿನ ತಲೆಯಿಂದ. ಮೊಸರನ್ನ ಮೇಲಿನ ಖುಷಿಗೆ. ಬೆಕ್ಕು ಮಾಂಸ ತಿಂದೇ ಬದುಕಬೇಕಾದ ಪ್ರಾಣಿ. ಟಾರೀನ್ ಎಂಬ ಒಂದು ಅಂಶ ಅದಕ್ಕೆ ಬೇಕೇ ಬೇಕು, ಬೇಕಾದಷ್ಟನ್ನು ಅದರ ದೇಹ ತಯಾರಿಸಿಕೊಳ್ಳುವುದಿಲ್ಲ. ಅದು ಸಿಗುವುದು ಮಾಂಸ, ಮೀನಿನಲ್ಲಿ. ಕಡಿಮೆಯಾದರೆ ಕಣ್ಣು ಹೋಗುತ್ತದೆ, ಹೃದಯ ದೊಡ್ಡದಾಗಿ ಸೋಲುತ್ತದೆ. ಹೃದಯದ ಈ ಸಂಬಂಧ ಗೊತ್ತಾಗಿದ್ದೇ 1987ರಲ್ಲಿ. ಆಮೇಲೆ ಕಂಪನಿಗಳು ಬೆಕ್ಕಿನ ಆಹಾರದಲ್ಲಿ ಟಾರೀನ್ ಜಾಸ್ತಿ ಮಾಡಿದವು. ಇನ್ನು ಹಾಲು. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲಿನ ಲ್ಯಾಕ್ಟೋಸ್ ಜೀರ್ಣವಾಗುವುದಿಲ್ಲ, ಭೇದಿಯಾಗುತ್ತದೆ. ಕಣ್ಣು ಮುಚ್ಚಿ ಕುಡಿಯಲಿ, ತೆರೆದು ಕುಡಿಯಲಿ, ಒರೆಸುವವರು ನಾವೇ.

ನಮ್ಮಲ್ಲಿ ಕೊನೆಗೆ ಆದ ಒಪ್ಪಂದ ಇದು. ಅಡುಗೆಮನೆಯೊಳಗೆ ಬರುವುದು ಪ್ಯಾಕೆಟ್ಟಿನ ಒಣ ಆಹಾರ ಮಾತ್ರ. ಮೀನು ಬೇಯುವುದು ಹಿಂದೆ ಬಚ್ಚಲಿನ ಒಲೆಯಲ್ಲಿ, ಬೇರೆ ಪಾತ್ರೆಯಲ್ಲಿ. ಬೂತಾಯಿಯೋ ಬಂಗುಡೆಯೋ, ಉಪ್ಪು ಹುಳಿ ಖಾರ ಏನೂ ಇಲ್ಲದೆ ಸುಮ್ನೆ ನೀರಲ್ಲಿ ಬೇಯಿಸುವುದು. ದೊಡ್ಡ ಮುಳ್ಳು ತೆಗೆಯುವುದು. ಹಸಿ ಮೀನು ಕೊಡುವುದಿಲ್ಲ. ಕೆಲವು ಜಾತಿಯ ಹಸಿ ಮೀನಿನಲ್ಲಿ ಬಿ1 ಜೀವಸತ್ವವನ್ನು ಹಾಳುಮಾಡುವ ಕಿಣ್ವ ಇರುತ್ತದೆ, ಬೇಯಿಸಿದರೆ ಅದರ ಕಾಟ ಇಲ್ಲ. ಬರೀ ಮೀನೇ ಊಟವಾದರೂ ಒಳ್ಳೆಯದಲ್ಲ, ಹಾಗಾಗಿ ವಾರದಲ್ಲಿ ಒಂದೆರಡು ದಿನ ಅಷ್ಟೆ. ಮಲ್ಪೆಯಿಂದ ಬರುವ ಮೀನಿನವರ ಹಾರ್ನ್ ಕೇಳಿದ ಕೂಡಲೇ ಎರಡೂ ಗೇಟಿನ ಹತ್ತಿರ. ಸಸ್ಯಾಹಾರಿ ಮನೆಯ ಗೇಟಿನಲ್ಲಿ ಮೀನಿನ ಸ್ಕೂಟರ್ ಯಾಕೆ ನಿಲ್ಲುತ್ತದೆ ಎಂದು ಬೀದಿಗೆಲ್ಲ ಗೊತ್ತು.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ರಜೆ. ಆಗ ನಾಡದೋಣಿಯ ಮೀನು ಸ್ವಲ್ಪ ಬರುತ್ತದೆ, ರೇಟು ಕೇಳಿದರೆ ಬೆಕ್ಕಿಗೂ ಬೇಡ ಅನಿಸಬೇಕು. ಒಣಮೀನು ಕೊಡಿ ಎನ್ನುತ್ತಾರೆ. ಬೇಡ, ಅದರಲ್ಲಿ ಉಪ್ಪು ಸಿಕ್ಕಾಪಟ್ಟೆ. ಆ ಎರಡು ತಿಂಗಳು ಒಣ ಆಹಾರವೇ ಗತಿ. ಅದೂ ನಮ್ಮ ಮಳೆಯಲ್ಲಿ ತಣ್ಣಗೆ ಮೆತ್ತಗಾಗಿ ಬೂಸ್ಟು ಹಿಡಿಯುತ್ತದೆ. ದೊಡ್ಡ ಚೀಲ ತಂದರೆ ಲಾಭ ಎಂಬ ಲೆಕ್ಕ ಬೇಸಗೆಗೆ ಮಾತ್ರ. ಮಳೆಗಾಲದಲ್ಲಿ ಸಣ್ಣ ಪ್ಯಾಕೆಟ್ಟು, ಬಿಗಿ ಮುಚ್ಚಳದ ಸ್ಟೀಲ್ ಡಬ್ಬ. ಇರುವೆ ಬಾರದ ಹಾಗೆ ತಟ್ಟೆಯನ್ನು ನೀರು ತುಂಬಿದ ಅಗಲ ಪ್ಲೇಟಿನ ಮಧ್ಯ ಇಡಬೇಕು.

ಒಣ ಆಹಾರದ್ದು ಇನ್ನೊಂದು ಸಮಸ್ಯೆ ಇದೆ. ಇದನ್ನು ಗಂಡು ಬೆಕ್ಕು ಇರುವವರು ಗಮನ ಕೊಟ್ಟು ಓದಿ. ಬೆಕ್ಕುಗಳು ತಾವಾಗಿ ನೀರು ಕುಡಿಯುವುದು ಕಡಿಮೆ. ಗಂಡಿನ ಮೂತ್ರನಾಳ ಬಹಳ ಸಪೂರ, ಹರಳಿನ ಹುಡಿ ಕಟ್ಟಿಕೊಂಡರೆ ಮೂತ್ರ ಪೂರ್ತಿ ನಿಂತುಬಿಡುತ್ತದೆ. ಬೊಳ್ಳುವಿಗೆ ಹಾಗಾಯಿತು. ಮತ್ತೆ ಮತ್ತೆ ಟ್ರೇಗೆ (ಮಲಮೂತ್ರಕ್ಕೆಂದು ಮನೆಯೊಳಗೆ ಹುಡಿ ತುಂಬಿ ಇಟ್ಟದ್ದು) ಹೋಗಿ ಕೂರುವುದು, ತಿಣುಕುವುದು, ಒಂದು ಥರ ಕೂಗುವುದು. ನೋಡಿದವರು ಮಲಬದ್ಧತೆ ಅಂದುಕೊಳ್ಳುತ್ತಾರೆ. ನಾವು ಅದೇ ಸಂಜೆ ಡಾಕ್ಟರ ಹತ್ತಿರ ಒಯ್ದೆವು, ನಳಿಕೆ ಹಾಕಿ ತೆಗೆದರು. ಎರಡು ಮೂರು ದಿನ ಕಾಯ್ದರೆ ಬೆಕ್ಕು ಉಳಿಯುವುದಿಲ್ಲ. ಈಗ ಒಣ ಆಹಾರಕ್ಕೆ ಬಿಸಿನೀರು ಬೆರೆಸಿ ಕೊಡುತ್ತೇನೆ, ಮೀನು ಬೇಯಿಸಿದ ನೀರನ್ನೂ ಚೆಲ್ಲುವುದಿಲ್ಲ. ಮನೆಯ ಮೂರು ಕಡೆ ನೀರಿನ ಬಟ್ಟಲು ಇದೆ. ಅವು ಇಷ್ಟಪಟ್ಟು ಕುಡಿಯುವುದು ಬಾವಿಕಟ್ಟೆಯ ಬಕೆಟಿನಿಂದ, ಅದು ಬೇರೆ ವಿಷಯ.

ಮಳೆಗಾಲ ಬಂದಾಗ ನಮ್ಮ ಕರಾವಳಿಯ ಬೆಕ್ಕಿನ ನಿಜವಾದ ಪರೀಕ್ಷೆ, ಅಂದರೆ ನಮ್ಮ ಪರೀಕ್ಷೆ. ಬೇಸಗೆಯಲ್ಲಿ ಹಿತ್ತಲಿನ ಮಣ್ಣಿಗೆ ಹೋಗಿ ಕೆಲಸ ಮುಗಿಸಿ ಬರುವ ಬೆಕ್ಕು ಜೂನ್‌ನಲ್ಲಿ ಬಾಗಿಲ ತನಕ ಹೋಗಿ, ಮಳೆ ನೋಡಿ, ವಾಪಸ್ ಬರುತ್ತದೆ. ಆಮೇಲೆ ಕಾಲೊರೆಸುವ ಗೋಣಿಯ ಮೇಲೆ ಮಾಡುತ್ತದೆ. ಇಲ್ಲದಿದ್ದರೆ ಒಳಗೆ ಹಗ್ಗ ಕಟ್ಟಿ ಒಣಗಿಸಿ ರಾಶಿ ಹಾಕಿದ ಬಟ್ಟೆಯ ಮೇಲೆ. ಬಿಸಿಲಿಲ್ಲದ ಊರಲ್ಲಿ ಆ ವಾಸನೆ ಹೋಗುವುದಿಲ್ಲ ಮಾರಾಯ್ರೆ. ಫಿನಾಯಿಲ್ ಹಾಕಿ ತೊಳೆಯಬೇಡಿ. ಆ ಥರದ ರಾಸಾಯನಿಕವನ್ನು ಕರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ಕಡಿಮೆ. ನೆಲದಲ್ಲಿ ನಡೆದು ಕಾಲು ನೆಕ್ಕಿದರೆ ಹೊಟ್ಟೆಗೆ ಹೋಗುತ್ತದೆ. ಪ್ಯಾರಾಸಿಟಮಾಲ್‌ನ ಒಂದು ಮಾತ್ರೆ ಬೆಕ್ಕನ್ನು ಕೊಲ್ಲುವುದೂ ಇಂಥದೇ ಕಾರಣಕ್ಕೆ. ನಾಯಿಯ ಉಣ್ಣಿಗೆ ಹಾಕುವ ಪರ್ಮೆಥ್ರಿನ್ ಇರುವ ಔಷಧಿಯೂ ಬೆಕ್ಕಿಗೆ ವಿಷ. ನಾನು ಒರೆಸುವುದು ವಿನೆಗರ್ ಬೆರೆಸಿದ ನೀರಿನಿಂದ, ಆಮೇಲೆ ಅಡಿಗೆ ಸೋಡಾ.

ಹಾಗಾಗಿ ವರ್ಷವಿಡೀ ಒಳಗೆ ಟ್ರೇ ಇರಲೇಬೇಕು. ಬೆಕ್ಕಿಗೊಂದು, ಮೇಲೊಂದು ಎಕ್ಸ್‌ಟ್ರಾ. ಅಂಗಡಿಯಲ್ಲಿ ಸಿಗುವ ಬೆಂಟೊನೈಟ್ ಎಂಬ ಜೇಡಿಮಣ್ಣಿನ ಹುಡಿ ಗಟ್ಟಿಯಾಗಿ ಉಂಡೆ ಕಟ್ಟುತ್ತದೆ, ತೆಗೆಯುವುದು ಸುಲಭ, ಖರ್ಚು ಜಾಸ್ತಿ. ಅದನ್ನು ಕಕ್ಕಸಿಗೆ ಹಾಕಬೇಡಿ, ಪೈಪು ಕಟ್ಟಿಕೊಳ್ಳುತ್ತದೆ. ತೆಂಗಿನ ನಾರಿನ ಹುಡಿ ನಮ್ಮಲ್ಲಿ ಅಗ್ಗ. ಬೇಸಗೆಯಲ್ಲಿ ಚೆನ್ನಾಗಿಯೇ ನಡೆಯಿತು, ಕೊನೆಗೆ ಗಿಡದ ಬುಡಕ್ಕೂ ಆಯಿತು. ಹೂವಿನ ಗಿಡಕ್ಕೆ ಮಾತ್ರ, ಬಸಳೆಯ ಬುಡಕ್ಕೆ ಹಾಕಲಿಲ್ಲ. ಮಳೆಗಾಲದಲ್ಲಿ ಅದು ಒಣಗುವುದೇ ಇಲ್ಲ, ಪ್ರಯೋಜನವಿಲ್ಲ. ಟ್ರೇ ದಿನಾ ಖಾಲಿ ಮಾಡುವುದಕ್ಕೆ ವಾಸನೆ ಒಂದೇ ಕಾರಣ ಅಲ್ಲ. ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಬೆಕ್ಕಿನ ಮಲದಲ್ಲಿ ಇದ್ದರೆ ಅದು ಸೋಂಕು ತಗಲಿಸುವಷ್ಟು ಬಲಿಯಲು ಕನಿಷ್ಠ ಒಂದು ದಿನವಾದರೂ ಬೇಕು. ಅಷ್ಟರೊಳಗೆ ತೆಗೆದರೆ ಭಯ ಕಡಿಮೆ. ನಾದಿನಿ ಬಸುರಿಯಾಗಿ ಬಂದಿದ್ದಾಗ "ಬೆಕ್ಕನ್ನು ಎಲ್ಲಿಗಾದರೂ ಬಿಟ್ಟು ಬನ್ನಿ" ಎಂದವರು ಎಷ್ಟೋ ಜನ. ಅವಳು ಟ್ರೇ ಮುಟ್ಟಲಿಲ್ಲ, ತೋಟದ ಮಣ್ಣು ಮುಟ್ಟಿದರೆ ಕೈ ತೊಳೆದುಕೊಂಡಳು, ಅಷ್ಟೇ. ಬೆಕ್ಕು ಎಲ್ಲಿಗೂ ಹೋಗಲಿಲ್ಲ.

ಹಂಚಿನ ಮಾಡು ಇರುವವರಿಗೆ ಒಂದು ಮಾತು. ಬೆಕ್ಕು ಓಡಾಡಿ ಹಂಚು ಜಾರಿಸಿದ್ದು ಮೊದಲ ಮಳೆಗೇ ಗೊತ್ತಾಗುತ್ತದೆ. ಮೇ ಕೊನೆಗೆ ಒಮ್ಮೆ ಹತ್ತಿಸಿ ನೋಡಿಸಿ. ಅದೇ ತಿಂಗಳು ಅಂಗಳದಲ್ಲಿ ಹಲಸಿನ ಹಪ್ಪಳ ಒಣಗಲು ಹಾಕಿರುತ್ತೀರಿ, ಅಲ್ವಾ? ನಮ್ಮ ಹಪ್ಪಳಗಳಲ್ಲಿ ಪಾದದ ಗುರುತು ಇರುತ್ತಿತ್ತು. ಈಗ ಹಳೆಯ ಸೊಳ್ಳೆಪರದೆ ಹೊದೆಸುತ್ತೇವೆ.

ಸೊಳ್ಳೆಪರದೆ ಎಂದಾಗ ನೆನಪಾಯಿತು, ಕಿಟಕಿಯ ಬಲೆ. ಮಲೇರಿಯಾದ ಕಾಟದಿಂದ ಮಂಗಳೂರು, ಉಡುಪಿ ಕಡೆ ಬಲೆ ಇಲ್ಲದ ಕಿಟಕಿ ಕಡಿಮೆ. ನೈಲಾನ್ ಬಲೆಯನ್ನು ಬೆಕ್ಕು ಏಣಿ ಎಂದೇ ತಿಳಿಯುತ್ತದೆ. ಹರಿದ ಮೇಲೆ ಬೆಕ್ಕು ಹೊರಗೆ, ಸೊಳ್ಳೆ ಒಳಗೆ. ಸ್ಟೀಲ್ ಬಲೆ ಹಾಕಿಸಿದ್ದು ನಮ್ಮ ದೊಡ್ಡ ಖರ್ಚು. ಮಂಗಳೂರಿನಲ್ಲಿ ಎತ್ತರದ ಫ್ಲ್ಯಾಟಿನಲ್ಲಿ ಇರುವ ತಂಗಿಗೆ ಇದು ಖರ್ಚಿನ ಮಾತಲ್ಲ, ಬಾಲ್ಕನಿಗೆ ಬಲೆ ಹಾಕಿದ ಮೇಲೆಯೇ ಅವಳು ಬೆಕ್ಕು ತಂದದ್ದು. ಹಕ್ಕಿಯ ಹಿಂದೆ ಹಾರುವಾಗ ಅದಕ್ಕೆ ಎಷ್ಟನೇ ಮಹಡಿ ಎಂಬ ಲೆಕ್ಕ ಇರುವುದಿಲ್ಲ. ಸೋಫಾ ಗೀರುವುದಕ್ಕೆ ಮದ್ದು ಸುಲಭ. ಒಂದು ಗಟ್ಟಿ ಮರದ ಕಂಬ, ಮೂರಡಿಯಾದರೂ ಎತ್ತರ, ಸುತ್ತ ತೆಂಗಿನ ನಾರಿನ ಹಗ್ಗ ಬಿಗಿಯಾಗಿ ಸುತ್ತಿ. ಮೂಲೆಯಲ್ಲಿ ಇಟ್ಟರೆ ಮೂಸಿಯೂ ನೋಡುವುದಿಲ್ಲ, ಸೋಫಾದ ಪಕ್ಕದಲ್ಲೇ ಇಡಬೇಕು.

ಇಲಿ ಹೋಗುತ್ತದೆಯೇ? ಚಿಕ್ಕ ಇಲಿ ಹೋಗುತ್ತದೆ. ಇಲಿಜ್ವರ ಇರುವ ಜಿಲ್ಲೆಯಲ್ಲಿ ಅದು ಸಣ್ಣ ಉಪಕಾರವಲ್ಲ. ಹೆಗ್ಗಣ ಬಂದರೆ ನಮ್ಮ ಬೊಳ್ಳು ಮರ್ಯಾದೆಯಿಂದ ದಾರಿ ಬಿಡುತ್ತದೆ. ಬೇಟೆಯ ಇನ್ನೊಂದು ಮುಖವೂ ಇದೆ. ಹಲ್ಲಿ ತಿಂದ ಬೆಕ್ಕಿಗೆ ಪಿತ್ತನಾಳದಲ್ಲಿ ಚಪ್ಪಟೆ ಹುಳ ಸೇರಿ ಕಾಮಾಲೆ ಆಗಬಹುದು. ಚಿಂಟಿ ಒಮ್ಮೆ ಜೀವಂತ ಹಾವಿನ ಮರಿಯನ್ನು ತಂದು ಚಾವಡಿಯಲ್ಲಿ ಬಿಟ್ಟಳು. ನಾಗರವೋ ಕೇರೆಯೋ ನೋಡುವ ಧೈರ್ಯ ಯಾರಿಗೂ ಇರಲಿಲ್ಲ, ಹೊಡೆಯುವ ಮಾತಂತೂ ನಮ್ಮಲ್ಲಿ ಇಲ್ಲ. ಹಾವು ಹಿಡಿಯುವವರು ಬರುವ ತನಕ ಎಲ್ಲರೂ ಮಂಚದ ಮೇಲೆ. ನನಗೆ ಜಾಸ್ತಿ ಬೇಸರ ತರಿಸುವುದು ಹಕ್ಕಿಗಳ ವಿಷಯ. ದಾಸವಾಳಕ್ಕೆ ಬರುವ ಸೂರಕ್ಕಿಯ ರೆಕ್ಕೆ ಮೆಟ್ಟಿಲಲ್ಲಿ ಬಿದ್ದಿದ್ದ ದಿನದಿಂದ ಬೆಳಗಿನ ಹೊತ್ತು ಎರಡನ್ನೂ ಹೊರಗೆ ಬಿಡುವುದಿಲ್ಲ. ರಾತ್ರಿಯಂತೂ ಇಲ್ಲವೇ ಇಲ್ಲ, ಹೆದ್ದಾರಿ ಹತ್ತಿರವೇ ಇದೆ.

ಸಂತಾನಹರಣದ ಬಗ್ಗೆ ನನ್ನದು ಖಡಾಖಂಡಿತ ಮಾತು. ಹೆಣ್ಣು ಬೆಕ್ಕು ಐದಾರು ತಿಂಗಳಿಗೇ ಬೆದೆಗೆ ಬರಬಹುದು. ಗರ್ಭ ಎರಡು ತಿಂಗಳು ಚಿಲ್ಲರೆ, ಒಂದು ಸಲಕ್ಕೆ ಮೂರು ನಾಲ್ಕು ಮರಿ. ಆಪರೇಷನ್ ಮಾಡಿಸಿದರೆ ಪಾಪ ತಟ್ಟುತ್ತದೆ ಎನ್ನುವವರೇ ಮರಿಗಳನ್ನು ಗೋಣಿಚೀಲದಲ್ಲಿ ತುಂಬಿ ಮೀನು ಮಾರ್ಕೆಟಿನ ಹಿಂದೆ ಬಿಟ್ಟು ಬರುತ್ತಾರೆ. ಅದಕ್ಕೆ ಪಾಪ ಇಲ್ಲವೇನು? ಬೊಳ್ಳುವಿಗೂ ಮಾಡಿಸಿದ್ದೇವೆ. ಮಾಡಿಸದ ಗಂಡು ಬಾಗಿಲು, ಗೋಡೆಗೆಲ್ಲ ಮೂತ್ರ ಚಿಮ್ಮಿಸುತ್ತದೆ, ರಾತ್ರಿಯಿಡೀ ಜಗಳಕ್ಕೆ ಹೋಗುತ್ತದೆ. ಚಿಂಟಿ ಹೊಲಿಗೆ ನೆಕ್ಕದ ಹಾಗೆ ಮಗಳ ಹಳೆಯ ಟೀ ಶರ್ಟಿನ ತೋಳು ಕತ್ತರಿಸಿ ತೊಡಿಸಿದ್ದೆವು. ಅವಳ ಮುಖ ನೋಡಬೇಕಿತ್ತು.

ರೇಬಿಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ಡಾಕ್ಟರು ಹೇಳಿದ ಹಾಗೆ. ಅದಕ್ಕೂ ಮೊದಲು ಎಂಟು ವಾರದ ಹೊತ್ತಿಗೆ ಬೆಕ್ಕಿನದೇ ಮೂರು ರೋಗಗಳಿಗೆ ಸೇರಿಸಿ ಕೊಡುವ ಲಸಿಕೆ ಶುರು. ಗೊತ್ತಿಲ್ಲದ ಬೆಕ್ಕು ಕಚ್ಚಿದರೆ, ರಕ್ತ ಬರುವಂತೆ ಪರಚಿದರೆ, ಹದಿನೈದು ನಿಮಿಷ ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆದು ಆಸ್ಪತ್ರೆಗೆ ಹೋಗಬೇಕು. ಅರಸಿನ ಹಚ್ಚಿ ಕೂರುವ ವಿಷಯ ಅಲ್ಲ. ಮಳೆಗಾಲದಲ್ಲಿ ಹುಳುಕಡ್ಡಿ ಬೆಕ್ಕಿಂದ ಮಕ್ಕಳಿಗೆ ಬರುತ್ತದೆ. ನಮ್ಮ ಮನೆಯಲ್ಲೂ ಬಂದು ಹೋಯಿತು, ಬೆಕ್ಕಿಗೂ ಮಗಳಿಗೂ ಒಟ್ಟಿಗೆ ಮದ್ದು ಮಾಡಿದ್ದರಿಂದ ನಿಂತಿತು. ಗಂಡನಿಗೆ ಸೀನು. ಅಲರ್ಜಿ ಆಗುವುದು ರೋಮದಿಂದ ಎಂದು ಎಲ್ಲರೂ ಹೇಳುತ್ತಾರೆ. ಮುಖ್ಯ ಕಾರಣ ಎಂಜಲಲ್ಲಿ, ಚರ್ಮದಲ್ಲಿ ಇರುವ ಒಂದು ಪ್ರೋಟೀನು, ನೆಕ್ಕಿ ನೆಕ್ಕಿ ರೋಮಕ್ಕೆ ಹತ್ತಿರುತ್ತದೆ. ಮಲಗುವ ಕೋಣೆಗೆ ಬೆಕ್ಕಿಗೆ ಪ್ರವೇಶ ಇಲ್ಲ ಎಂದು ಮಾಡಿದ ಮೇಲೆ ಸುಮಾರು ಕಡಿಮೆಯಾಗಿದೆ.

ಇಷ್ಟೆಲ್ಲ ಇದ್ದೂ ಯಾಕೆ ಸಾಕುತ್ತೀರಿ ಎಂದರೆ, ಇವುಗಳ ಗಲಾಟೆ ಕಡಿಮೆ. ಸ್ನಾನ ಮಾಡಿಸಬೇಕಿಲ್ಲ, ವಾಕಿಂಗ್ ಕರೆದುಕೊಂಡು ಹೋಗಬೇಕಿಲ್ಲ, ಬಂದವರನ್ನೆಲ್ಲ ಬೊಗಳಿ ಓಡಿಸುವುದಿಲ್ಲ. ನಾನು ಆಫೀಸಿನಿಂದ ಬರುವ ತನಕ ಮನೆಯಲ್ಲಿ ಒಬ್ಬರೇ ಇರುವ ಅತ್ತೆಗೆ ಮಧ್ಯಾಹ್ನದ ಮಾತಿಗೆ ಜನ ಆಗಿದೆ. ಹೊರಡುವಾಗ ಬೆಕ್ಕು ಅಡ್ಡ ಬಂದರೆ ಕೂತು ನೀರು ಕುಡಿದು ಹೋಗಬೇಕು ಎನ್ನುತ್ತಿದ್ದವರು ಅವರೇ. ಎರಡು ಬೆಕ್ಕಿರುವ ಮನೆಯಲ್ಲಿ ಆ ನಿಯಮ ಪಾಲಿಸಿದರೆ ಬಸ್ಸೇ ಸಿಗುವುದಿಲ್ಲ, ಹಾಗಾಗಿ ತಾನಾಗಿ ಬಿಟ್ಟುಹೋಯಿತು. ಬೆಳಗಿನ ಜಾವ ನಾಲ್ಕೂವರೆಗೆ ಕೂಗಿ ಎಬ್ಬಿಸುವುದಕ್ಕೆ ಮಾತ್ರ ನನಗಿನ್ನೂ ಒಗ್ಗಿಲ್ಲ. ಮಲಗುವ ಮೊದಲು ಚೆನ್ನಾಗಿ ಆಡಿಸಿ, ಆಮೇಲೆ ಊಟ ಹಾಕಿದರೆ ಐದೂವರೆವರೆಗೆ ತಳ್ಳಬಹುದು.

ಊರಿಗೆ ಹೋಗುವಾಗ ಎರಡು ದಿನದವರೆಗೆ ಪಕ್ಕದ ಮನೆಯವರು ಬಂದು ಊಟ ಹಾಕಿ, ಟ್ರೇ ತೆಗೆದು ಹೋಗುತ್ತಾರೆ. ಅವರು ಹೋದಾಗ ಅವರ ನಾಯಿಗೆ ನಾನು. ಇಂಥ ಒಬ್ಬರು ಹತ್ತಿರ ಇದ್ದಾರೆಯೇ ಎಂದು ಮರಿ ತರುವ ಮೊದಲೇ ನೋಡಿಕೊಳ್ಳಿ. ತರುವುದಾದರೆ ಮಳೆಗಾಲ ಕಳೆದ ಮೇಲೆ, ಒಂದೇ ತಾಯಿಯ ಎರಡು ಮರಿಗಳನ್ನು ತನ್ನಿ. ಎರಡಿದ್ದರೆ ಒಂದನ್ನೊಂದು ಕಚ್ಚಾಡುತ್ತವೆ, ನಿಮ್ಮ ಕಾಲು ಉಳಿಯುತ್ತದೆ. ಎರಡು ತಿಂಗಳು ತುಂಬುವ ಮೊದಲು ತಾಯಿಯಿಂದ ಬಿಡಿಸಬೇಡಿ. ಮೊದಲ ವಾರ ಒಂದೇ ಕೋಣೆಯಲ್ಲಿ ಇಡಿ, ಟ್ರೇ ಅಲ್ಲೇ ಇರಲಿ.