ಊರು ಸುತ್ತುವಾಗ ಅವಳನ್ನೂ ಹುಡುಕಿ
ಹಳೆಯ ಊರಿಗೆ ಹೋದರೆ ನಾನು ಮೊದಲು ಪ್ರತಿಮೆ ಎಣಿಸುತ್ತೇನೆ. ರಾಣಿಯರು, ದೇವತೆಗಳನ್ನು ಬಿಟ್ಟು ಹೆಂಗಸರು ಎಷ್ಟು? ಲೆಕ್ಕ ಬೇಗ ಮುಗಿಯುತ್ತದೆ! ಲಂಡನ್ನಿನ ಪಾರ್ಲಿಮೆಂಟ್ ಚೌಕಕ್ಕೆ ಮೊದಲ ಹೆಣ್ಣಿನ ಪ್ರತಿಮೆ ಬಂದಿದ್ದೇ 2018ರಲ್ಲಿ, ಹೆಂಗಸರ ಮತದ ಹಕ್ಕಿನ ಹೋರಾಟಗಾರ್ತಿ ಮಿಲಿಸೆಂಟ್ ಫಾಸೆಟ್ ಅವರದು. ಸುಮ್ನೆ ಫೋಟೊ ತೆಗೆದು ಹೊರಡಬೇಡಿ. ಬಗ್ಗಿ ಪೀಠ ನೋಡಿ. ಮತದ ಹಕ್ಕಿಗಾಗಿ ಹೋರಾಡಿದ 59 ಜನರ ಹೆಸರು, ಚಿತ್ರಗಳು ಅಲ್ಲಿವೆ. ಎಲ್ಲವನ್ನೂ ಓದುವಷ್ಟರಲ್ಲಿ ನನ್ನ ಕುತ್ತಿಗೆ ಹಿಡಿದಿತ್ತು. ಒಂದೆರಡು ಹೆಸರು ಬರೆದುಕೊಳ್ಳಿ, ಆಮೇಲೆ ಹುಡುಕಬಹುದು.

ಪಕ್ಕದ ಪಾರ್ಲಿಮೆಂಟ್ ಕಟ್ಟಡದ ಮುಂದೆ ಸ್ವಲ್ಪ ನಿಲ್ಲಿ. 1911ರ ಜನಗಣತಿಯ ರಾತ್ರಿ, ಅದೇ ಹೋರಾಟದ ಎಮಿಲಿ ಡೇವಿಸನ್ ಅದರೊಳಗಿನ ಬೀರುವೊಂದರಲ್ಲಿ ಅಡಗಿದ್ದರು. ವಿಳಾಸದ ಜಾಗದಲ್ಲಿ ಪಾರ್ಲಿಮೆಂಟ್ ಅಂತಲೇ ಬರಲಿ ಅಂತ! ಎಂಥ ಗಟ್ಟಿಗಿತ್ತಿ, ಅಲ್ವಾ? ಇನ್ನೂ ಮುಂದೆ ನಡೆದರೆ ವಿಕ್ಟೋರಿಯಾ ಟವರ್ ಗಾರ್ಡನ್ಸ್. ಅಲ್ಲಿ 1930ರಲ್ಲಿ ಅನಾವರಣವಾದ, ಅದೇ ಹೋರಾಟದ ನಾಯಕಿ ಎಮಲೀನ್ ಪ್ಯಾಂಕ್‌ಹರ್ಸ್ಟ್ ಪ್ರತಿಮೆ ಇದೆ.